ಗೌಜಲಹಕ್ಕಿ ಅಂಚಿಗೆ ಒದಗಿದ ರಕ್ಷಣೆ

ಮೊಳಕಾಲ್ಮೂರು, ಡಿಸೆಂಬರ್ 2004

ಪಾರಂಪರಿಕ ಜ್ಞಾನವನ್ನು ಕಾಯಲು ಕುಳಿತಿರುವ ಮಾನ್ಯ ಅಧಿಕಾರಿಗಳೇ,

ನಮ್ಮ ಮನೆಯ ಸೊಸೆಯಂದಿರ ಸೀರೆಯನ್ನು ಕದಿಯುವವರಿಗಾಗಿ ನೀವೇ ನಕ್ಷೆ ಬರೆದು, ಅಚ್ಚು ಹಾಕಿಸಿ, ಊರೂರಿಗೆ ಹಂಚಿದಿರಿ. ಇದನ್ನು ನಿಮ್ಮ ಕಚೇರಿಯಲ್ಲಿ ಸಂರಕ್ಷಣೆ ಎನ್ನುತ್ತಾರಂತೆ. ನನಗೆ ಹೇಸಿಗೆಯಾಗುತ್ತಿದೆ.

ನನ್ನ ಅತ್ತೆಮನೆಯಲ್ಲಿ ಮಾರಾಟಕ್ಕೆ ಎಷ್ಟೋ ಬಗೆಯ ರೇಷ್ಮೆ ಸೀರೆ ನೇಯುತ್ತಾರೆ. ಜೋಡಿ ಗೌಜಲಹಕ್ಕಿಯ ಅಂಚನ್ನು ಮಾತ್ರ ಮಾರುವುದಿಲ್ಲ. ಮನೆಗೆ ಸೊಸೆ ಬರುವಾಗ ಅತ್ತೆಯೇ ಅದನ್ನು ನೇಯ್ದು ಉಡಿಸಬೇಕು. ಕಳೆದ ವೈಶಾಖದಲ್ಲಿ ಅತ್ತೆ ಕೊಲ್ಲಾಪುರಮ್ಮ ನನಗೆ ಉಡಿಸಿದರು. ಚಳ್ಳಕೆರೆಯ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಓದಿ, ಬಹುಮಾನವೆಂದರೆ ಸ್ಟೀಲ್ ಲೋಟ ಎಂದುಕೊಂಡಿದ್ದವಳು ನಾನು. ಆ ಸೀರೆಯುಟ್ಟು ಬೀದಿಗೆ ಬಂದರೆ ಹೆಂಗಸರು ನನ್ನ ಮುಖ ನೋಡುವ ಮೊದಲು ಅಂಚು ನೋಡಿ, "ಕೊಲ್ಲಾಪುರಮ್ಮನ ಸೊಸೆ ಅಲ್ಲೇನಮ್ಮಾ?" ಎನ್ನುತ್ತಿದ್ದರು. ಸಂತೋಷಕ್ಕೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಷ್ಟರಲ್ಲಿ ನಿಮ್ಮ ಸಿಬ್ಬಂದಿ ಜೀಪಿನಲ್ಲಿ ಬಂದರು. ಹೊಸ ಕಾಯ್ದೆ ಬಂದಿದೆ, ಊರಿನ ನೇಯ್ಗೆಯನ್ನೆಲ್ಲ ದಾಖಲಿಸಬೇಕು ಎಂದರು.

"ಇದು ಮಾರೋದಲ್ಲ ಸಾರ್, ಮನೇದು. ಬೇರೆ ಸೀರೆ ಬೇಕಾದಷ್ಟು ಐತೆ, ಬರ್ಕೊಳ್ರಿ," ಎಂದರು ಅತ್ತೆ.

"ಬರೀದಿದ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರಮ್ಮ."

"ಇಷ್ಟು ವರ್ಷ ಯಾರೂ ಹೋಗಿಲ್ವಲ್ಲ?"

"ಆಗ ಕಾಯ್ದೆ ಇರಲಿಲ್ಲ ಬಿಡು."

ಅತ್ತೆ ಬೇಡವೆಂದರೂ ನಮ್ಮದೇ ಕಾಫಿ ಕುಡಿಯುತ್ತ, ನನ್ನ ಸೀರೆಯ ಅಂಚು ಹರಡಿಕೊಂಡು, ಎಳೆ ಎಳೆ ಎಣಿಸಿ ಗ್ರಾಫ್ ಹಾಳೆ ತುಂಬಿಸಿದರು. ಆಮೇಲೆ ನಿಮ್ಮ ಬಣ್ಣದ ಪುಸ್ತಕ ಬಂತು. ಅದರಲ್ಲಿ ನಮ್ಮ ಅಂಚಿನ ಕೆಳಗೆ 'ಮೂಲ: ತಿಳಿದುಬಂದಿಲ್ಲ' ಎಂದಿದೆ. ಮಾನ್ಯರೇ, ಕಾಫಿ ಕುಡಿದ ಮನೆ ಯಾರದೆಂದೂ ತಿಳಿಯಲಿಲ್ಲವೇ?

ದೀಪಾವಳಿಗೆ ನನ್ನ ಪ್ರಭುಗೆ ಅಂಗಿ ಕೊಡಿಸಲೆಂದು (ಗಂಡನ ಹೆಸರು ಬರೆಯುವ ಸುಖ ಇನ್ನೂ ಹೊಸದು, ಕ್ಷಮಿಸಿ) ಇಬ್ಬರೂ ಚಳ್ಳಕೆರೆಗೆ ಹೋದೆವು. ಅಂಗಡಿಯ ಬಾಗಿಲಲ್ಲೇ ನಮ್ಮ ಹಕ್ಕಿಗಳು ಪವರ್‌ಲೂಮ್ ಸೀರೆಗಳ ಸಾಲಿನಲ್ಲಿ ನೇತಾಡುತ್ತಿದ್ದವು. "ಸರ್ಕಾರಿ ಪುಸ್ತಕದಾಗಿನ ಡಿಸೈನ್ ಮೇಡಂ, ತಗಳ್ರಿ," ಎಂದ ಅಂಗಡಿಯವ. ಮಾತುಮಾತಿಗೂ ನಗಿಸುವ ಪ್ರಭು ಅಂಗಿಯೂ ಬೇಡವೆಂದು ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಟರು.

ನಿಮ್ಮ ಕಚೇರಿಗೂ ಬಂದೆ. ಮೊಳಕಾಲ್ಮೂರು ಸೀರೆ ಎಂದು ಊರಿನ ಹೆಸರಿಗೆ ರಕ್ಷಣೆ ಕೇಳಬಹುದು, ಒಂದು ಮನೆಯ ಅಂಚಿಗೆ ಆಗದು ಎಂದರು ಅಲ್ಲಿದ್ದ ಅಧಿಕಾರಿ. ವಿನ್ಯಾಸವೆಂದಾದರೂ ನೋಂದಾಯಿಸಿ ಎಂದೆ.

"ಅದು ಹೊಸದಾಗಿರಬೇಕಮ್ಮ. ಇದು ಆಗಲೇ ಪ್ರಕಟವಾಗಿದೆಯಲ್ಲ."

"ಪ್ರಕಟ ಮಾಡಿದ್ಯಾರು ಸಾರ್?"

"ನಾವೇ."

ಇಷ್ಟು ಹೇಳಿ ಅವರು ಫ್ಯಾನ್ ಜೋರು ಮಾಡಿಕೊಂಡರು. ಹಳೆಯದಾದ್ದರಿಂದ ನಮ್ಮದಲ್ಲ, ಅಚ್ಚಾದ್ದರಿಂದ ಯಾರದೂ ಅಲ್ಲ. ಇಂಥ ಕಾಯ್ದೆ ಬರೆಯಲು ಎಷ್ಟು ಜನ ಕುಳಿತಿದ್ದಿರಿ?

ಮಾಘದಲ್ಲಿ ಮೈದುನ ಓಬಳೇಶನ ಮದುವೆ. ಅತ್ತೆ ಮಗ್ಗದ ಹತ್ತಿರ ಸುಳಿಯುತ್ತಿಲ್ಲ. "ಅಂಗಡಿ ಬಾಗಿಲಾಗೆ ನೇತಾಕಿದ್ದನ್ನ ಸೊಸೆಗೆ ಹೆಂಗೆ ಉಡಿಸ್ಲಿ ಅಮ್ಮಾಯೀ?" ಎನ್ನುತ್ತಾರೆ. ಮದುಮಗಳು ಸರಿತಾ ಮೊನ್ನೆ ಫೋನಿನಲ್ಲಿ, "ಅಕ್ಕಾ, ನನ್ನ ಹಕ್ಕಿ ಸೀರೆ ಎಲ್ಲಿಗೆ ಬಂತು?" ಎಂದು ಕೇಳಿದಳು. ನಾನು ಲೈನ್ ಸರಿಯಿಲ್ಲವೆಂದು ಇಟ್ಟುಬಿಟ್ಟೆ.

ಆ ಪುಸ್ತಕಗಳನ್ನು ವಾಪಸು ತರಿಸಿ. ಮನೆಯವರು ಬೇಡವೆಂದರೆ ಮುಟ್ಟಬಾರದು ಎಂಬ ಒಂದು ಸಾಲನ್ನು ಕಾಯ್ದೆಯಲ್ಲಿ ಸೇರಿಸಿ. ಅಷ್ಟೂ ಆಗದಿದ್ದರೆ ಮಾಘದೊಳಗೆ ನಮ್ಮ ಮನೆಗೆ ಬನ್ನಿ. ಸರಿತಾಳನ್ನು ಕರೆಸುತ್ತೇನೆ, ಉತ್ತರ ನೀವೇ ಹೇಳಿ.

ಇಂತಿ,
ನಿಮ್ಮ ರಕ್ಷಣೆ ತಲುಪುವ ಮೊದಲೇ ಮದುವೆಯಾಗಿ ಬಚಾವಾದ,
ತೇಜಶ್ರೀ ಪ್ರಭು