ಪರೀಕ್ಷಿಸಿದವನು: ನನ್ನ ತಮ್ಮನ ಮಗ

ಮಾರ್ಚ್ ೪, ಬೆಳಿಗ್ಗೆ

ಅಖಿಲ ಭೂಮಂಡಲದ ಸಮಸ್ತ ಅಣಬೆಗಳಿಗೂ ಅವುಗಳ ಬಂಧುಬಳಗಕ್ಕೂ ಈ ಡೈರಿಯ ಏಕಚಕ್ರಾಧಿಪತಿ ಬರೆಸಿದ ಶಾಸನ. ಇಂದು ಕಾಡಿನಿಂದ ಮೂರು ಬಟ್ಟಲಣಬೆಗಳನ್ನು ಸೆರೆಹಿಡಿದು ತರಲಾಯಿತು. ಹೆಬ್ಬೆರಳ ಉಗುರಿನಷ್ಟು. ಒಳಗೆ ಕೆಂಡದ ಬಣ್ಣ.

ದೊಡ್ಡಪ್ಪನಿಗೆ ಒಪ್ಪಿಸಿದೆ. ರಿಟೈರ್ಡ್ ಡ್ರಾಯಿಂಗ್ ಮಾಸ್ತರು. ಕೈಯಲ್ಲಿ ಭೂತಗನ್ನಡಿ, ಕಂಕುಳಲ್ಲಿ ಅಣಬೆ ಪುಸ್ತಕ. ಪುಸ್ತಕದಲ್ಲಿ ಎರಡು ಚಿತ್ರ, ಅವಳಿಜವಳಿ. ಒಂದು ಬಿದ್ದ ಕೊಂಬೆಯ ಮೇಲೆ ಬೆಳೆಯುವುದು, ತಿನ್ನಬಹುದು. ಇನ್ನೊಂದು ಮಣ್ಣಿನದು, ಮುಂದೆ ಬರೀ ಪ್ರಶ್ನಾರ್ಥಕ ಚಿಹ್ನೆ.

"ಬುಡ ಎಲ್ಲೋ?" ಅಂದರು.

ಬುಡ ಕಾಡಲ್ಲೇ. ಕೊಂಬೆಯೋ ಮಣ್ಣೋ, ನೋಡಿರಲಿಲ್ಲ.

ಮಾರ್ಚ್ ೫

ಇನ್ನೂ ತೀರ್ಮಾನವಿಲ್ಲ. ದೊಡ್ಡಪ್ಪನಿಗೆ ಊಟ ಸೇರುತ್ತಿಲ್ಲ. ನಾನು ಅಡುಗೆಮನೆಯಲ್ಲಿ ಎಲ್ಲರೆದುರು ಉಯಿಲು ಓದಿ — ಸೈಕಲ್ಲು ಅಕ್ಕನಿಗೆ, ಬಾಕಿ ಪರೀಕ್ಷೆಗಳು ಅಪ್ಪನಿಗೆ — ವಿಜ್ಞಾನಕ್ಕೆ ಜಯವಾಗಲಿ ಎಂದು ಒಂದು ಬಟ್ಟಲು ಬಾಯಿಗೆ ಹಾಕಿ ಅಗಿದೆ. ಅಮ್ಮ ಸೌಟು ಎತ್ತಿದಳು. ದೊಡ್ಡಪ್ಪ ಮಾತ್ರ ಗಡಿಯಾರ ನೋಡಿ ಟೈಮ್ ಬರೆದುಕೊಂಡರು.

ಮಾರ್ಚ್ ೮

ಬದುಕಿದ್ದೇನೆ. ಪ್ರಜೆಗಳು ಅಳು ನಿಲ್ಲಿಸಬಹುದು. ಮೂರು ದಿನ ನನ್ನ ಕಣ್ಣು, ನಾಲಿಗೆ, ಇತ್ಯಾದಿಗಳ ವಿಚಾರಣೆ ನಡೆದು, ಇಂದು ದೊಡ್ಡಪ್ಪನ ನೋಟ್‌ಬುಕ್ಕಿನಲ್ಲಿ ತೀರ್ಪು: 'ತಿನ್ನಲು ಯೋಗ್ಯ. ಪರೀಕ್ಷಿಸಿದವನು: ನನ್ನ ತಮ್ಮನ ಮಗ.' ಅಡಿಗೆರೆ ಬೇರೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಮಾರ್ಚ್ ೧೧, ಮಧ್ಯಾಹ್ನ

ಆಸ್ಪತ್ರೆಯ ಬೆಂಚು. ನಿನ್ನೆ ಸಂಜೆ ದೊಡ್ಡಪ್ಪ ತಾವೇ ಕಾಡಿಗೆ ಹೋಗಿ ಅದೇ ಬಟ್ಟಲಣಬೆ ಒಂದು ಚೀಲ ಕಿತ್ತು ತಂದು, ಹುರಿದು ತಿಂದರು. ಅಮ್ಮ ಬೇಡವೆಂದದ್ದಕ್ಕೆ ಒಬ್ಬರೇ. ಬೆಳಗಿನಿಂದ ವಾಂತಿ. ಕೈ ತಣ್ಣಗೆ.

ಏನು ತಿಂದರು ಎಂದು ಡಾಕ್ಟರಮ್ಮ ಕೇಳಿದರು. ಅಪ್ಪ ನೋಟ್‌ಬುಕ್ಕನ್ನೇ ತೆರೆದು ಹಿಡಿದರು. "ಅಣಬೆಯಿಂದ ಅಲ್ಲ ಡಾಕ್ಟ್ರೇ. ನಮ್ಮ ಹುಡುಗನೂ ತಿಂದಿದಾನೆ. ನೋಡಿ, ಗುಂಡುಕಲ್ಲಿನ ಹಾಗಿದಾನೆ."

ಡಾಕ್ಟರಮ್ಮ ನನ್ನನ್ನು ನೋಡಿದರು. ತಲೆಯಾಡಿಸಿದೆ. ಚೀಟಿಯಲ್ಲಿ 'ಅಣಬೆ' ಎಂದಿದ್ದುದನ್ನು ಹೊಡೆದುಹಾಕಿ, ಹಾರ್ಟಿನ ಟೆಸ್ಟು ಬರೆದರು.

ಎರಡು ಗಂಟೆ

ದೊಡ್ಡಪ್ಪ ಕರೆದರೆಂದು ಒಳಗೆ ಬಿಟ್ಟರು. ನನ್ನ ಮಣಿಕಟ್ಟು ಹಿಡಿದುಕೊಂಡರು. "ನೀನು ತಿಂದೆ ಅಂತ ಧೈರ್ಯ ಬಂತು ಕಣೋ. ಇಲ್ದಿದ್ರೆ ನಾನು ಪುಕ್ಕಲ."

ಬಾಯಿ ತೆರೆದೆ. ನರ್ಸ್ ಹೊರಗೆ ಕಳಿಸಿದಳು.

ಮೂರೂವರೆ

ಹಾರ್ಟು ಸರಿಯಾಗಿದೆಯಂತೆ. ಇನ್ನೇನೋ ಟೆಸ್ಟು. ಡಾಕ್ಟರಮ್ಮನ ಬಾಗಿಲ ತನಕ ಎರಡು ಸಲ ಹೋಗಿ ಬಂದೆ. ಕಾಲಿಗೆ ಧೈರ್ಯವಿದೆ, ನಾಲಿಗೆಗಿಲ್ಲ.

ಸಮಸ್ತ ಅಣಬೆಗಳೇ, ಶಾಸನಕ್ಕೆ ಒಂದು ಚಿಕ್ಕ ತಿದ್ದುಪಡಿ. ಐದನೇ ತಾರೀಕು ನಾನು ಅಗಿದದ್ದು ಕಿತ್ತಳೆ ಸಿಪ್ಪೆ. ಬಟ್ಟಲು ಪ್ಯಾಂಟಿನ ಜೇಬಿನಲ್ಲೇ ಇದೆ. ಒಣಗಿದೆ. ಅಡಿಯಲ್ಲಿ ಒಂದಿಷ್ಟು ಮಣ್ಣು...

ಡಾಕ್ಟರಮ್ಮ ಹೊರಗೆ ಬಂದರು. ಪಕ್ಕದಲ್ಲೇ ಅಪ್ಪ. ಈಗ ಎದ್ದು —