ಮುನಿಲಕ್ಷ್ಮಮ್ಮ ತೊಳೆದಿಟ್ಟ ಬಾಟಲಿಗಳು

ತೂಬಗೆರೆ, ಶನಿವಾರ

ಅಣ್ಣಾ,

"ಕಾರ್ಖಾನೆಯವರ ತಂಟೆ ಬೇಡ, ಮಳವಳ್ಳಿಗೆ ಬಂದ್ಬಿಡು" ಅಂತ ಫೋನಲ್ಲಿ ಕೂಗಾಡಿದೆಯಲ್ಲ, ಬರಲ್ಲ ಕಣಣ್ಣ. ಇಲ್ಲೊಂದು ಕೆರೆ ಬೆಳಗ್ಗೆ ನೇರಳೆ, ಸಂಜೆ ಹಸಿರು. ಸೀರೆ ನೂಲಿಗೆ ಬಣ್ಣ ಹಾಕೋ ಕಾರ್ಖಾನೆ ಬಿಡೋ ನೀರು. ಲ್ಯಾಬಲ್ಲಿ ಪರೀಕ್ಷೆ ಮಾಡಿಸೋಕೆ ಅಂತ ನಿನ್ನೆ ಅದನ್ನ ಬಾಟಲಿಗಳಲ್ಲಿ ತುಂಬಿಟ್ಟಿದ್ದೆ. ಬೆಳಗ್ಗೆ ಎದ್ದು ನೋಡಿದ್ರೆ, ನಾನಿರೋ ಮನೆಯ ಮುನಿಲಕ್ಷ್ಮಮ್ಮ ಎಲ್ಲಾ ಚೆಲ್ಲಿ, ಬಾಟಲಿ ತಿಕ್ಕಿ ತೊಳೆದು, ಫಿಲ್ಟರ್ ನೀರು ತುಂಬಿಟ್ಟಿದ್ದಾರೆ!

"ನಮ್ಮೂರಿಂದ ಕೊಳಕು ನೀರು ಕಳಿಸಿದ್ರೆ ಮಾನ ಹೋಗಲ್ವೇನಮ್ಮ?" ಅಂದ್ರು.

"ಆ ಕೊಳಕೇ ನಮಗೆ ಸಾಕ್ಷಿ" ಅಂದೆ. ತುಂಬಿಟ್ಟ ಫಿಲ್ಟರ್ ನೀರನ್ನೆಲ್ಲ ತಾವೇ ಚೆಲ್ಲಿದ್ರು. ಆಮೇಲೆ ಸೀರೆ ಎತ್ತಿ ಕಟ್ಟಿ ನನ್ನ ಜೊತೆ ಕೆರೆಗೇ ಇಳಿದ್ರು.

ಕೈ ಸ್ವಲ್ಪ ತುರಿಸ್ತಿದೆ, ಮುಲಾಮು ಹಚ್ತಿದ್ದೀನಿ, ಅಮ್ಮಂಗೆ ಹೇಳ್ಬೇಡ.

ನಾವು ಮತ್ತೆ ಬಾಟಲಿ ತುಂಬ್ತಿದ್ದಾಗ ಕಾರ್ಖಾನೆ ಮ್ಯಾನೇಜರ್ ಕಾರಲ್ಲಿ ಬಂದು, "ಯಾರನ್ನ ಕೇಳಿ ತುಂಬ್ತಿದ್ದೀರಾ?" ಅಂತ ಗದರಿದ. ಮುನಿಲಕ್ಷ್ಮಮ್ಮ ನೇರಳೆ ನೀರಿನ ಬಾಟಲೀನ ಅವನ ಮೂಗಿಗೇ ಹಿಡಿದ್ರು: "ನಮ್ಮೂರ ಕೊಳಕು ಅಂತ ನಾಚ್ಕೊಂಡು ಬೆಳಗ್ಗೆ ತೊಳೆದುಬಿಟ್ಟೆ ಕಣಪ್ಪ. ಇನ್ನು ತೊಳೆಯಲ್ಲ. ಇದು ನಿಂದು."

ಬಸ್ಸು ಬಂತು, ಬಾಟಲಿಗಳು ಲ್ಯಾಬಿಗೆ ಹೊರಟ್ವು.

ನಿನ್ನ ತಂಗಿ,
ಸಿಂಚನ