ಗುಡ್ಡದ ಚಿತ್ರದಲ್ಲೊಬ್ಬ ಹಳದಿ ಟೋಪಿಯವನು

ಮಾರ್ಚ್ ಇಪ್ಪತ್ತೊಂದು
ಆಸ್ಪತ್ರೆಯ ವರಾಂಡ, ಮೂರು ಕಾಲಿನ ಬೆಂಚು

ಪ್ರಾತಃಸ್ಮರಣೀಯಳಾದ ಅಕ್ಕನ ದಿವ್ಯ ಸನ್ನಿಧಾನಕ್ಕೆ,

ನಿನ್ನ ಕಪಿಯ ಸಾಷ್ಟಾಂಗ ನಮಸ್ಕಾರಗಳು. ನಿನ್ನ ಮೂರು ಕಾಗದಗಳೂ ತಲುಪಿದವು. ಮೂರನೆಯದರಲ್ಲಿ ‘ಇದೀಯೋ ಸತ್ತ್ಯೋ’ ಎಂದು ವಿಚಾರಿಸಿದ್ದೀಯ. ಸಮಿತಿ ನೇಮಿಸಿ ಕೂಲಂಕಷವಾಗಿ ಪರಿಶೀಲಿಸಲಾಗಿ, ಇದ್ದೇನೆಂದು ತಿಳಿದುಬಂದಿದೆ. ತಡವಾಯಿತು, ಕ್ಷಮಿಸು. ಅಪ್ಪನ ಬಲಗೈ ಮುರಿದಿದೆ. ‘ಹಸುಗೂಸು ಇಟ್ಕೊಂಡಿದಾಳೆ, ಅವಳಿಗೆ ಬರೀಬೇಡ’ ಎಂದು ಅಮ್ಮನ ಕಟ್ಟಪ್ಪಣೆ. ಅಮ್ಮನ ಮಾತನ್ನು ನಾನು ಎಂದು ಕೇಳಿದ್ದೇನೆ?

ನಮ್ಮ ತೀರ್ಥರೂಪರು ಮೂವತ್ತು ವರ್ಷಗಳಿಂದ ಒಂದೇ ಗುಡ್ಡವನ್ನು ಬರೆಯುತ್ತಿರುವುದು ನಿನಗೆ ಗೊತ್ತೇ ಇದೆ. ಮಂಚದ ಕೆಳಗೆ ಗುಡ್ಡ, ಬೀರುವಿನ ಹಿಂದೆ ಗುಡ್ಡ, ಅಟ್ಟದ ಮೇಲೆ ಗುಡ್ಡ. ‘ಆ ಗುಡ್ಡಾನ ನೋಡಿದ್ರಲ್ಲಿ ಕಾಲು ಭಾಗ ನನ್ನ ನೋಡಿದ್ರೆ, ಮಂಡಿನೋವು ಯಾವ ಕಾಲಿಗೆ ಅಂತಾದ್ರೂ ಗೊತ್ತಿರ್ತಿತ್ತು’ ಎನ್ನುತ್ತಾಳೆ ಅಮ್ಮ. ಕಂಡದ್ದನ್ನು ಅಪ್ಪ ಬಿಡುವುದಿಲ್ಲ, ಕಾಣದ್ದನ್ನು ಸೇರಿಸುವುದಿಲ್ಲ. ಚಿತ್ರದಲ್ಲಿ ಕಸದ ರಾಶಿ ಯಾಕೆ ಎಂದು ಪುರಸಭೆಯ ಅಧ್ಯಕ್ಷರು ಸಿಡುಕಿದ್ದಕ್ಕೆ, ‘ನೀವು ಅಲ್ಲಿಂದ ತೆಗೆಸಿ ಸ್ವಾಮಿ, ಇಲ್ಲಿಂದ ತಾನಾಗೇ ಹೋಗುತ್ತೆ’ ಎಂದಿದ್ದರಂತೆ. ಹಿಂದಿನ ಬೀದಿಯ ದಾಯಾದಿಗಳು ಗೋಡೆಯ ವ್ಯಾಜ್ಯವನ್ನು ಅಪ್ಪನ ಹಳೆಯ ಚಿತ್ರ ನೋಡಿಯೇ ಬಗೆಹರಿಸಿಕೊಂಡದ್ದು. ಮುಗಿದ ಚಿತ್ರದ ಬೆನ್ನಿಗೆ ದಿನ, ಗಂಟೆ ಬರೆದು, ಮುಖವನ್ನು ಗೋಡೆಗೆ ತಿರುಗಿಸಿಟ್ಟರೆ ಮತ್ತೆ ನೋಡುವವರಲ್ಲ. ‘ನೋಡಿದ್ರೆ ತಿದ್ದೋಣ ಅನ್ಸುತ್ತೆ. ತಿದ್ದಿದ್ರೆ ಸುಳ್ಳಾಗುತ್ತೆ.’

ಇಂಥ ಸತ್ಯಸಂಧರ ವಂಶದಲ್ಲಿ ನಾನು ಹುಟ್ಟಿದೆ.

ಕಳೆದ ತಿಂಗಳು ಒಂದು ಶನಿವಾರ ಅಪ್ಪ ಗುಡ್ಡವನ್ನೂ ಅದರ ಬುಡದ ಮರ ಕೊಯ್ಯುವ ಸಾಮಿಲ್ಲನ್ನೂ ಬರೆದು ತಂದರು. ಬೆನ್ನಿಗೆ ‘ಶನಿವಾರ, ಬೆಳಗ್ಗೆ ಹತ್ತು’ ಎಂದು ಬರೆದು, ಗೋಡೆಗೆ ತಿರುಗಿಸಿಟ್ಟು, ಸ್ನಾನಕ್ಕೆ ಹೋದರು. ಕುಂಚದಲ್ಲಿ ಇನ್ನೂ ಬಣ್ಣವಿತ್ತು. ನನ್ನ ಕೈ ಸುಮ್ಮನಿರಲಿಲ್ಲ. ಸಾಮಿಲ್ಲಿನ ಹಿಂಗೋಡೆಯ ಪಕ್ಕ, ಹೆಬ್ಬೆರಳಿನ ಉಗುರಿನಷ್ಟು ಗಾತ್ರದಲ್ಲಿ, ಪಂಕ್ಚರ್ ಮಾಮನನ್ನು ಕುಕ್ಕರಗಾಲಲ್ಲಿ ಕೂರಿಸಿದೆ. ಬಯಲ ಕಡೆ ಕೂತಂತೆ, ತಲೆಗೆ ಅವನ ಹಳದಿ ಟೋಪಿ ಸಮೇತ. ಊರಲ್ಲಿ ಅಂಥ ಟೋಪಿ ಇನ್ನೊಬ್ಬರಿಗಿಲ್ಲ. ಹಿಂದಿನ ದಿನ ನನ್ನ ಸೈಕಲ್ಲಿಗೆ ಗಾಳಿ ಹಾಕುತ್ತಾ, ‘ಲೋ ಕಪಿ, ಟ್ಯೂಬಿಗಾದ್ರೆ ತೇಪೆ ಹಾಕ್ಬೋದು, ನಿನ್ನ ಬುದ್ಧಿಗೆ ಎಲ್ಲಿ ಹಾಕ್ಲೋ?’ ಎಂದು ನಾಲ್ಕು ಜನರೆದುರು ನಗಿಸಿದ್ದ. ಅದಕ್ಕೆ ನನ್ನ ಸವಿನಯ ಉತ್ತರ ಅದು.

ಅದೇ ಮಧ್ಯಾಹ್ನ ಸಾಮಿಲ್ಲಿಗೆ ಬೆಂಕಿ ಬಿತ್ತು. ಹಮಾಲರ ಮೇಸ್ತ್ರಿಯ ತಮ್ಮ ಒಳಗೇ ಸುಟ್ಟುಹೋದ. ಇಪ್ಪತ್ತರ ಹುಡುಗ. ಗುರುತು ಸಿಕ್ಕದ್ದು ಸೊಂಟದ ಬೆಲ್ಟಿನ ಬಕಲ್ಲಿನಿಂದ. ಆ ಗಲಾಟೆಯಲ್ಲಿ ನನಗೆ ನನ್ನ ಕುಸುರಿಕೆಲಸ ಮರೆತೇಹೋಯಿತು ಅಕ್ಕ, ನಿನ್ನಾಣೆ. ವಾಚನಾಲಯದವರು ಕೇಳಿದರೆಂದು ಚಿತ್ರ ಚೌಕಟ್ಟಿನ ಅಂಗಡಿಗೆ ಹೋಗಿ, ಹದಿನೈದು ದಿನದ ಮೇಲೆ ನೆಟ್ಟಗೆ ವಾಚನಾಲಯದ ಗೋಡೆಯೇರಿತು. ‘ಸಾಮಿಲ್ಲಿನ ಕಡೇ ಚಿತ್ರ’ ಎಂದು ಊರಿಗೆ ಊರೇ ನೋಡಲು ಬಂತು. ಮೇಸ್ತ್ರಿಯೂ ಬಂದ.

‘ಇದ್ಯಾರು?’ ಎಂದ. ಚಿತ್ರವನ್ನು ಕೆಳಗಿಳಿಸಿ ಬೆನ್ನು ನೋಡಿದ. ‘ಬೆಂಕಿ ಬಿದ್ದಿದ್ದು ಹನ್ನೆರಡಕ್ಕೆ. ಹತ್ತಕ್ಕೆ ಇವನಿಗೇನು ಕೆಲ್ಸ ಗೋಡೆ ಹಿಂದೆ, ಕೂತ್ಕೊಂಡು?’

ಯಾರೋ, ‘ಬೇರೆಯವರು ಬರೆದಿದ್ರೆ ನಂಬ್ತಿರ್ಲಿಲ್ಲ’ ಎಂದರು. ಅಷ್ಟೇ ಸಾಕಾಯಿತು.

ಮುಂದಿನದನ್ನು ನನಗೆ ಹೇಳಿದವಳು ಪಂಕ್ಚರ್ ಅಂಗಡಿಯ ಎದುರಿನ ಟೈಲರಮ್ಮ. ನಾನು ಓಡಿಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎಂಟು ಜನ ಹಮಾಲರು. ಮಾಮನನ್ನು ಕಾಲು ಹಿಡಿದು ಹೊರಗೆಳೆದರು. ಅವನದೇ ಟೈರ್ ಬಿಚ್ಚುವ ಕಬ್ಬಿಣದಿಂದ ಬೆನ್ನಿಗೆ, ಕಿವಿಗೆ ಬಾರಿಸಿದರು. ಟೋಪಿಯನ್ನು ಬಾಯಿಗೆ ತುರುಕಿದರು. ‘ಬೆಂಕಿ ಇಟ್ಟೆ ಅನ್ನು’ ಎಂದು ಹೊಡೆಯುವವರೇ ಬಾಯಿಗೆ ಬಟ್ಟೆ ತುರುಕಿದ್ದರೆ ಅವನು ಏನನ್ನಬೇಕು? ಪಂಕ್ಚರ್ ನೋಡುವ ತೊಟ್ಟಿಯಲ್ಲಿ ತಲೆ ಅದ್ದಿ ಎತ್ತಿದಾಗ ನೀರು ಕೆಂಪಾಗಿತ್ತು.

ಆಗ ಅಪ್ಪ ಬಂದರು. ವಾಚನಾಲಯದಲ್ಲಿ ಚಿತ್ರ ನೋಡಿಯೇ ಬಂದಿದ್ದರು.

‘ಬಿಡ್ರಪ್ಪಾ ಅವನ್ನ. ಅವನು ಅಲ್ಲಿರ್ಲಿಲ್ಲ.’

‘ಮತ್ತೆ ಚಿತ್ರದಲ್ಲಿ?’

‘ನಾನೇ ಹಾಕ್ದೆ.’

‘ನೋಡಿ ಹಾಕಿದ್ರಾ, ನೋಡ್ದೆ ಹಾಕಿದ್ರಾ?’

‘ನೋಡ್ದೆ ಹಾಕ್ದೆ. ಆ ಜಾಗ ಖಾಲಿ ಕಾಣ್ತಿತ್ತು, ಚೆಂದಕ್ಕೆ ಹಾಕ್ದೆ.’

ಮೇಸ್ತ್ರಿ ಮಾಮನನ್ನು ಕೈಬಿಟ್ಟ. ‘ಚೆಂದಕ್ಕೆ,’ ಎಂದ. ‘ನನ್ನ ತಮ್ಮ ಸುಟ್ಟ ಜಾಗದಲ್ಲಿ ಚೆಂದಕ್ಕೆ.’ ಅಂಗಡಿಯ ಮೇಜಿಗೆ ಬಿಗಿದ, ಕಬ್ಬಿಣ ಕಚ್ಚಿ ಹಿಡಿಯುವ ವೈಸಿನ ದವಡೆಯೊಳಗೆ ಅಪ್ಪನ ಬಲಗೈ ಇಟ್ಟು ಹಿಡಿಕೆ ತಿರುಗಿಸಿದ. ಮೊದಲ ಸುತ್ತಿನಲ್ಲಿ ಅಪ್ಪನ ಕನ್ನಡಕ ಜಾರಿ ಕೆಳಗೆ ಬಿತ್ತು. ಎರಡನೆಯದಕ್ಕೆ ಒಣ ಪುಳ್ಳೆ ಮುರಿದ ಸದ್ದಾಯಿತು. ಮೂರನೆಯ ಸುತ್ತು ತಿರುಗಿಸುತ್ತಾ ಮೇಸ್ತ್ರಿ ಗೊಳೋ ಎಂದು ಅಳುತ್ತಿದ್ದ.

ನಾಲ್ಕು ಬೆರಳು ಹೋಗಿವೆ. ಹೆಬ್ಬೆರಳೊಂದು ನೆಟ್ಟಗಿದೆ. ಮಾಮನಿಗೆ ಎರಡು ಪಕ್ಕೆಲುಬು, ಒಂದು ಕಿವಿ. ಬೆಂಕಿಗೆ ಕಾರಣ ಗರಗಸದ ಮೋಟಾರಿನ ವೈರು ಎಂದು ಮೊನ್ನೆ ಇನ್ಸ್‌ಪೆಕ್ಟರು ಬರೆದುಕೊಟ್ಟರಂತೆ. ಮೇಸ್ತ್ರಿ ಲಾಕಪ್ಪಿನಲ್ಲಿದ್ದಾನೆ. ವಾಚನಾಲಯದವರು ಚಿತ್ರವನ್ನು ವಾಪಸು ಕಳಿಸಿದ್ದಾರೆ. ದಾಯಾದಿಗಳಲ್ಲಿ ಕಿರಿಯವನು ಗೋಡೆಯನ್ನು ಮತ್ತೆ ಅಳೆಸಬೇಕು ಎನ್ನುತ್ತಿದ್ದಾನೆ: ‘ಆ ಯಪ್ಪ ಅವತ್ತು ಅದನ್ನೂ ಚೆಂದಕ್ಕೇ ಬರೆದಿದ್ರೆ?’ ಬೆರಳಿಗಿಂತ ಅದು ಅಪ್ಪನಿಗೆ ಹೆಚ್ಚು ನೋಯುತ್ತಿದೆ ಎಂದು ಅಮ್ಮ ಹೇಳುತ್ತಾಳೆ. ಅಮ್ಮನಿಗೆ ನನ್ನ ಕುಸುರಿಕೆಲಸ ಇನ್ನೂ ಗೊತ್ತಿಲ್ಲ. ಗೊತ್ತಿರುವುದು ನಿನಗೆ, ನನಗೆ, ಅಪ್ಪನಿಗೆ.

ಭಾವನಿಗೆ ನಮಸ್ಕಾರ. ಪುಟ್ಟಿಗೆ ಅವಳ ಘನತೆವೆತ್ತ ಸೋದರಮಾವನ ಆಶೀರ್ವಾದ: ಹಲ್ಲು ಬರಲಿ, ಬುದ್ಧಿಯೂ ಬರಲಿ, ಮಾವನ ಹಾಗಾಗದಿರಲಿ.

ಇಂತು ನಿನ್ನ ತಮ್ಮ,
ಕಪಿ

ಮರೆತದ್ದು: ಮರೆತಿರಲಿಲ್ಲ. ಟೈಲರಮ್ಮ ನನಗೆ ಏನೂ ಹೇಳಿಲ್ಲ ಅಕ್ಕ. ನಾನು ಅಲ್ಲೇ ಇದ್ದೆ, ಮೊದಲಿನಿಂದ. ಮಾಮನನ್ನು ಎಳೆದಾಗಲೂ ಇದ್ದೆ, ಹಿಡಿಕೆ ತಿರುಗಿದಾಗಲೂ ಇದ್ದೆ. ‘ನಾನು ಬರೆದದ್ದು’ ಎನ್ನುವ ಎರಡು ಮಾತು ಬಾಯಿಂದ ಹೊರಡಲಿಲ್ಲ. ಅಪ್ಪನ ಕನ್ನಡಕ ಕೆಳಗೆ ಬಿದ್ದು ಪುಡಿಯಾಗಿತ್ತು, ನಾನು ಅವರಿಗೆ ಕಂಡಿರಲಾರೆ ಎಂದು ಇಷ್ಟು ದಿನ ಸಮಾಧಾನಪಟ್ಟುಕೊಂಡಿದ್ದೆ. ಇವತ್ತು ಬೆಳಗ್ಗೆ ಗಂಜಿ ಕುಡಿಸುವಾಗ ಅಪ್ಪ ಹೇಳಿದರು: ‘ಟೈಲರಮ್ಮನ ಮೆಟ್ಲು ಮೇಲೆ, ಕಂಬದ ಎಡಕ್ಕೆ ನೀನು ನಿಂತಿದ್ದೆ. ಶರ್ಟಿನ ಮೇಲಿನ ಗುಂಡಿ ಹಾಕಿರ್ಲಿಲ್ಲ. ಕನ್ನಡಕ ಬೇಕಾಗೋದು ಹತ್ರದ್ದಕ್ಕೆ ಕಣೋ. ದೂರದ್ದು ನಂಗೆ ಯಾವತ್ತೂ ಚೆನ್ನಾಗೇ ಕಾಣುತ್ತೆ.’